ಗ್ಯಾಸನ್ನು ಮೊದಲು ಹಂಚಿ, ಆಮೇಲೆ ಕಲಸಿ: ಗ್ಯಾಸ್ ಟರ್ಬೈನ್ ಬರ್ನರ್‌ಗೆ ಮಿಕ್ಸರ್ ಮಾಡುವ ಬಗೆ

ಗ್ಯಾಸ್ ಟರ್ಬೈನಿನ ಕಂಬಸ್ಟರ್‌ನಲ್ಲಿ, ಅಂದರೆ ಉರಿಯುವ ಕೋಣೆಯಲ್ಲಿ, ಇಂಧನ ಮತ್ತು ಗಾಳಿ ಚೆನ್ನಾಗಿ ಬೆರೆಯಬೇಕು ಅಂತ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಹೇಗೆ ಬೆರೆಸಬೇಕು, ಎಲ್ಲಿಂದ ಶುರು ಮಾಡಬೇಕು, ಎಷ್ಟು ಬೆರೆತರೆ ಸಾಕು ಅನ್ನುವ ಪ್ರಶ್ನೆಗಳು ಮಾತ್ರ ಟೆಸ್ಟ್ ರಿಗ್ (ಪರೀಕ್ಷೆಯ ಯಂತ್ರ) ಮುಂದೆ ನಿಂತಾಗಲೇ ಹುಟ್ಟುವುದು. ನಾನು ಬೆಂಗಳೂರಿನಲ್ಲಿ ಇಂಥ ರಿಗ್ ಮೇಲೆ ಕೆಲಸ ಮಾಡುತ್ತೇನೆ. ದಾವಣಗೆರೆ, ಹುಬ್ಬಳ್ಳಿ, ಹಾಸನದ ಕಡೆಯಿಂದ ಮೆಕ್ಯಾನಿಕಲ್ ಮುಗಿಸಿ ಬರುವ ಹುಡುಗ ಹುಡುಗಿಯರಿಗೆ ಬೋರ್ಡ್ ಮೇಲೆ ಬರೆದು ತೋರಿಸುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಚಿಕ್ಕ ಬರ್ನರ್ ತೆಗೆದುಕೊಂಡು, ಲೆಕ್ಕದಿಂದ ಹಿಡಿದು ಬೆಂಕಿ ಹಚ್ಚುವವರೆಗೆ ಹೋಗೋಣ. ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಳ್ಳಿ.

ಇಷ್ಟೊಂದು ಹಠ ಯಾಕೆ

ಹಳೇ ಕಂಬಸ್ಟರ್‌ಗಳಲ್ಲಿ ಗ್ಯಾಸ್ ಒಂದು ಕಡೆಯಿಂದ, ಗಾಳಿ ಇನ್ನೊಂದು ಕಡೆಯಿಂದ ಬಂದು, ಸೇರುವ ಜಾಗದಲ್ಲೇ ಉರಿಯುತ್ತಿದ್ದವು. ಗ್ಯಾಸಿಗೆ ಸರಿಯಾಗಿ ಬೇಕಾದಷ್ಟೇ ಗಾಳಿ ಎಲ್ಲಿ ಸಿಗುತ್ತದೋ ಅಂಥ ಜ್ವಾಲೆ ಅಲ್ಲೇ ಹೋಗಿ ನಿಲ್ಲುತ್ತದೆ. ಅಲ್ಲಿನ ಬಿಸಿ 2300 ಕೆಲ್ವಿನ್ ದಾಟುತ್ತದೆ. ಆ ಬಿಸಿಗೆ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನಾಕ್ಸ್ (ಗಾಳಿ ಕೆಡಿಸುವ ನೈಟ್ರೋಜನ್ ಆಕ್ಸೈಡುಗಳು) ಆಗುತ್ತದೆ. ಅದನ್ನು ತಗ್ಗಿಸಲು ಜ್ವಾಲೆಗೆ ನೀರು ಅಥವಾ ಹಬೆ ಬಿಡುತ್ತಿದ್ದರು. ಈಗಲೂ ಕೆಲವು ಕಡೆ ಬಿಡುತ್ತಾರೆ. ಆದರೆ ಶುದ್ಧ ನೀರು ದುಬಾರಿ, ಮಿಷಿನ್ ಸವೆತವೂ ಜಾಸ್ತಿ.

ಹಾಗಾಗಿ 1980-90ರ ದಶಕಗಳಲ್ಲಿ ಎಲ್ಲರೂ ಇನ್ನೊಂದು ದಾರಿಗೆ ಬಂದರು. ಗ್ಯಾಸಿಗೆ ಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಗಾಳಿ ಕೊಟ್ಟು, ಉರಿಯುವ ಮುಂಚೆಯೇ ಎರಡನ್ನೂ ಬೆರೆಸಿಬಿಡುವುದು. ಹೆಚ್ಚುವರಿ ಗಾಳಿ ಬಿಸಿಯನ್ನು ಹಂಚಿಕೊಳ್ಳುತ್ತದೆ, ಜ್ವಾಲೆ ತಣ್ಣಗಿರುತ್ತದೆ. ಜಿಇ ಕಂಪನಿಯ ಡ್ರೈ ಲೋ ನಾಕ್ಸ್ ಬರ್ನರ್, ಎಬಿಬಿಯ ಇವಿ ಬರ್ನರ್ ಎಲ್ಲ ಇದೇ ಜಾತಿ. ಇವಿ ಬರ್ನರ್ ರಚನೆ ನೋಡಲೇಬೇಕಾದ್ದು. ಉದ್ದಕ್ಕೆ ಸೀಳಿದ ಶಂಕುವಿನ ಎರಡು ಅರ್ಧಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜೋಡಿಸಿರುತ್ತಾರೆ. ಆ ಸಂದಿಗಳಿಂದ ಗಾಳಿ ಸುತ್ತಿಕೊಂಡು ಒಳಗೆ ನುಗ್ಗುತ್ತದೆ. ಸಂದಿಯ ಉದ್ದಕ್ಕೂ ಸಾಲಾಗಿ ಇರುವ ತೂತುಗಳಿಂದ ಗ್ಯಾಸ್ ಬರುತ್ತದೆ. ಅಂದರೆ ಗಾಳಿ ಒಳಗೆ ಬರುವ ಬಾಗಿಲಲ್ಲೇ, ಅದರ ಪ್ರತಿ ಪಾಲಿಗೂ ಗ್ಯಾಸನ್ನು ಅಳೆದು ಕೊಡುತ್ತಾರೆ.

ಇಡೀ ಕೆಲಸದ ಗುಟ್ಟು ಇದೇ ಅಂತ ನನ್ನ ಅಭಿಪ್ರಾಯ. ಪುಳಿಯೋಗರೆ ಕಲಸುವವರಿಗೆ ಗೊತ್ತು, ಗೊಜ್ಜನ್ನು ಅನ್ನದ ಮೇಲೆಲ್ಲ ಹರಡಿ ಹಾಕಿದರೆ ನಾಲ್ಕು ಸಲ ಕೈಯಾಡಿಸಿದರೆ ಮುಗಿಯಿತು, ಒಂದೇ ಕಡೆ ಸುರಿದರೆ ಅನ್ನ ಮುದ್ದೆಯಾಗುವಷ್ಟು ಕಲಸಿದರೂ ಬಿಳಿ ಅಗುಳು ಉಳಿಯುತ್ತದೆ. ಹೊಸಬರು ಮಿಕ್ಸಿಂಗ್ ಸಾಲದು ಅಂದಾಗ ಮೊದಲು ಮಾಡುವುದೇ ಗಾಳಿಯ ಸುತ್ತುವಿಕೆ ಜಾಸ್ತಿ ಮಾಡುವುದು. ಅದು ಕೊನೇ ಉಪಾಯ. ಮೊದಲು ಗ್ಯಾಸ್ ಎಲ್ಲಿಗೆ ತಲುಪುತ್ತಿದೆ ನೋಡಿ.

ಸರಾಸರಿ ನಂಬಬೇಡಿ ಅನ್ನುವುದಕ್ಕೆ ಒಂದು ಲೆಕ್ಕ. ಗ್ಯಾಸ್-ಗಾಳಿ ಅನುಪಾತವನ್ನು ನಾವು ಫೈ ಎಂಬ ಸಂಖ್ಯೆಯಿಂದ ಹೇಳುತ್ತೇವೆ. ಫೈ 1 ಅಂದರೆ ಗಾಳಿ ಸರಿಯಾಗಿ ಸಾಕಾಗುವಷ್ಟು, 0.5 ಅಂದರೆ ಅದರ ಎರಡರಷ್ಟು. ಮೀಥೇನ್ ಗ್ಯಾಸ್, 673 ಕೆಲ್ವಿನ್‌ಗೆ ಕಾಯಿಸಿದ ಗಾಳಿ, ಫೈ 0.5 ಇದ್ದರೆ ಜ್ವಾಲೆ ಸುಮಾರು 1770 ಕೆಲ್ವಿನ್. ಇಲ್ಲಿಂದ ಫೈ 0.01 ಏರಿದರೆ ಬಿಸಿ 17-18 ಡಿಗ್ರಿ ಏರುತ್ತದೆ. ಈಗ ಬರ್ನರಿನ ಅರ್ಧ ಭಾಗದಲ್ಲಿ 0.45, ಇನ್ನರ್ಧದಲ್ಲಿ 0.55 ಇದೆ ಅಂದುಕೊಳ್ಳಿ. ಸರಾಸರಿ 0.5ಏ. ಆದರೆ ಒಂದರ್ಧ 1680 ಕೆಲ್ವಿನ್, ಇನ್ನೊಂದು 1860. ಥರ್ಮಲ್ ನಾಕ್ಸ್, ಅಂದರೆ ಬಿಸಿಯಿಂದಾಗುವ ನಾಕ್ಸ್, ಹುಟ್ಟುವ ವೇಗ ಈ ಬಿಸಿಯಲ್ಲಿ ಪ್ರತಿ 35-40 ಡಿಗ್ರಿಗೂ ದುಪ್ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ತಣ್ಣಗಿನ ಅರ್ಧ ಉಳಿಸಿದ್ದು ಅಲ್ಪ, ಬಿಸಿ ಅರ್ಧದಲ್ಲಿ ಹುಟ್ಟುವುದು ಐದಾರು ಪಟ್ಟು. ಒಟ್ಟಿನಲ್ಲಿ ಥರ್ಮಲ್ ನಾಕ್ಸ್ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ಫ್ಲೋ ಮೀಟರ್ ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ, ಅಲ್ವಾ? ಅದಕ್ಕೇ ಹೇಳುವುದು.

ಬರ್ನರಿನ ಅಳತೆ

ನಮ್ಮ ಉದಾಹರಣೆಯ ಬರ್ನರ್ ಒಂದು ಬಳೆಯಾಕಾರದ ದಾರಿ. ಹೊರ ವ್ಯಾಸ 60 ಮಿ.ಮೀ., ನಡುವಿನ ದಿಂಡಿನ, ಅಂದರೆ ಹಬ್ಬಿನ, ವ್ಯಾಸ 30 ಮಿ.ಮೀ. ಅದರೊಳಗೆ 3 ಮಿ.ಮೀ. ದಪ್ಪದ 8 ವೇನ್‌ಗಳು (ಗಾಳಿ ತಿರುಗಿಸುವ ರೆಕ್ಕೆಗಳು), ಹೊರಬಾಯಲ್ಲಿ 45 ಡಿಗ್ರಿ ತಿರುವು. ವೇನ್ ಒಳಗೆ ಟೊಳ್ಳು, ಗ್ಯಾಸ್ ಅದರೊಳಗೆ ಬಂದು ಎರಡೂ ಮುಖದ ತೂತುಗಳಿಂದ ಹೊರಡುತ್ತದೆ. ವೇನ್ ಆದ ಮೇಲೆ ಸುಮಾರು 100 ಮಿ.ಮೀ. ಮಿಕ್ಸಿಂಗ್ ದಾರಿ, ಆಮೇಲೆ ಜ್ವಾಲೆ.

ಈ ತಿರುವು ಮಿಕ್ಸಿಂಗಿಗೆ ಅನ್ನುವುದಕ್ಕಿಂತ ಜ್ವಾಲೆ ಹಿಡಿದು ನಿಲ್ಲಿಸಲು. ಗಾಳಿ ಎಷ್ಟು ಸುತ್ತುತ್ತದೆ ಅಂತ ಹೇಳುವ ಸ್ವರ್ಲ್ ನಂಬರ್ 0.6 ದಾಟಿದರೆ ನಡುವೆ ಗಾಳಿ ಹಿಂದಕ್ಕೆ ಸುತ್ತಿ ಬರುತ್ತದೆ, ಉರಿದ ಬಿಸಿ ಅನಿಲ ಬುಡಕ್ಕೆ ವಾಪಸಾಗಿ ಹೊಸ ಮಿಶ್ರಣವನ್ನು ಹೊತ್ತಿಸುತ್ತದೆ. ನಮ್ಮ 45 ಡಿಗ್ರಿಗೆ, ಒಳ-ಹೊರ ವ್ಯಾಸದ ಅನುಪಾತ ಅರ್ಧ ಇರುವಾಗ, 0.78 ಬರುತ್ತದೆ. ಸಾಕು.

ಈಗ ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಪುಸ್ತಕದ 101 ಹಾಕಿ ಲೆಕ್ಕ ಮಾಡಿದರೆ ಶುರುವಿನಲ್ಲೇ ಶೇ. 10ರಷ್ಟು ತಪ್ಪು. 91 ಕಿಲೋಪಾಸ್ಕಲ್, 673 ಕೆಲ್ವಿನ್‌ನಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 0.471 ಕಿಲೋ. ದಾರಿಯ ವಿಸ್ತೀರ್ಣ 2120 ಚದರ ಮಿ.ಮೀ. ನೆಟ್ಟಗಿನ ವೇಗ ಸೆಕೆಂಡಿಗೆ 50 ಮೀಟರ್ ಬೇಕು ಅಂದರೆ ಗಾಳಿ ಸೆಕೆಂಡಿಗೆ 50 ಗ್ರಾಂ. ವೇನ್‌ಗಳ ನಡುವೆ ಜಾಗ ಕಮ್ಮಿಯಾಗುವುದರಿಂದ ಅಲ್ಲಿ ವೇಗ 60ಕ್ಕೆ ಏರುತ್ತದೆ. ತೂತು ಇರುವುದು ಅಲ್ಲೇ, ಹಾಗಾಗಿ ಮುಂದಿನ ಲೆಕ್ಕಕ್ಕೆ 60 ಹಿಡಿಯಿರಿ.

ಒಂದು ಕಿಲೋ ಮೀಥೇನ್ ಪೂರ್ತಿ ಉರಿಯಲು 17.2 ಕಿಲೋ ಗಾಳಿ ಬೇಕು. ಫೈ 0.5ಕ್ಕೆ ಅದರ ಎರಡರಷ್ಟು, 34.4. ಅಂದರೆ ಗ್ಯಾಸ್ ಸೆಕೆಂಡಿಗೆ 1.45 ಗ್ರಾಂ, ಸುಮಾರು 73 ಕಿಲೋವ್ಯಾಟ್ ಬೆಂಕಿ.

ತೂತುಗಳು

ಇಲ್ಲಿ ನಿಧಾನ ಮಾಡಿ. ಬರ್ನರಿನ ಹಣೆಬರಹ ಇಲ್ಲೇ ಬರೆಯುವುದು.

ಅಡ್ಡ ಬೀಸುವ ಗಾಳಿಗೆ ಗ್ಯಾಸಿನ ಜೆಟ್ (ಚಿಮ್ಮುವ ಧಾರೆ) ಬಿಟ್ಟಾಗ ಅದು ಎಷ್ಟು ದೂರ ನುಗ್ಗುತ್ತದೆ ಅನ್ನುವುದನ್ನು ಒಂದು ಅನುಪಾತ ತೀರ್ಮಾನಿಸುತ್ತದೆ. ಗ್ಯಾಸಿನ ಸಾಂದ್ರತೆ ಗುಣಿಸು ವೇಗದ ವರ್ಗ, ಅದನ್ನು ಗಾಳಿಯ ಸಾಂದ್ರತೆ ಗುಣಿಸು ವೇಗದ ವರ್ಗದಿಂದ ಭಾಗಿಸಿ. ನಾವು ಇದನ್ನು ಜೆ ಅನ್ನುತ್ತೇವೆ. ಜೆ ಯ ವರ್ಗಮೂಲವನ್ನು ತೂತಿನ ವ್ಯಾಸದಿಂದ ಗುಣಿಸಿದರೆ ಒಂದು ಉದ್ದ ಸಿಗುತ್ತದೆ. ಅದಕ್ಕೆ 'ಜೆಟ್ ಉದ್ದ' ಅಂತ ಹೆಸರಿಟ್ಟುಕೊಳ್ಳೋಣ. ತೂತಿನಿಂದ ಕೆಳಗೆ, ಅಂದರೆ ಗಾಳಿ ಹೋಗುವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ನೋಡುತ್ತೀರೋ ಆ ದೂರವನ್ನು ಜೆಟ್ ಉದ್ದದಿಂದ ಭಾಗಿಸಿ, 0.28 ಘಾತಕ್ಕೆ ಏರಿಸಿ, ಮತ್ತೆ ಜೆಟ್ ಉದ್ದದಿಂದಲೂ 2.05ರಿಂದಲೂ ಗುಣಿಸಿ. ಜೆಟ್ಟಿನ ನಡುಗೆರೆ ಗೋಡೆಯಿಂದ ಅಷ್ಟು ದೂರ ಇರುತ್ತದೆ. ಇದು ಬಹಳ ಹಳೆಯ, ಅಂದಾಜಿನ ಸೂತ್ರ. ಮೊದಲ ಡ್ರಾಯಿಂಗಿಗೆ ಇದಕ್ಕಿಂತ ಹೆಚ್ಚು ಬೇಡ.

ನಮ್ಮ ವೇನ್‌ಗಳ ನಡುವಿನ ಸಂದಿ ಸರಾಸರಿ 14.5 ಮಿ.ಮೀ. ಎರಡೂ ಕಡೆಯಿಂದ ಗ್ಯಾಸ್ ಬರುವುದರಿಂದ ಒಂದೊಂದು ಮುಖಕ್ಕೂ ಏಳು ಮಿ.ಮೀ. ಚಿಲ್ಲರೆ ಪಾಲು. ಜೆಟ್ ಆ ಪಾಲಿನ ಮಧ್ಯದಿಂದ ಮುಕ್ಕಾಲಿನವರೆಗೆ ಎಲ್ಲಾದರೂ ನಿಂತರೆ ಒಳ್ಳೆಯದು. ಪೂರ್ತಿ ನಡುವಿಗೆ ಹೋದರೆ ಎದುರಿನ ಜೆಟ್‌ಗೆ ಡಿಕ್ಕಿ ಹೊಡೆದು ಅಲ್ಲೊಂದು ದಪ್ಪ, ಅಂದರೆ ಗ್ಯಾಸ್ ಜಾಸ್ತಿಯಿರುವ, ಪಟ್ಟಿ ಆಗುತ್ತದೆ.

ಮೊದಲ ಪ್ರಯತ್ನ: ಪ್ರತಿ ಮುಖಕ್ಕೆ 3, ಒಟ್ಟು 48 ತೂತು, ವ್ಯಾಸ 1 ಮಿ.ಮೀ. ತೂತಿನ ಡಿಸ್ಚಾರ್ಜ್ ಗುಣಾಂಕ (ತೂತಿನ ವಿಸ್ತೀರ್ಣದಲ್ಲಿ ಹರಿವಿಗೆ ನಿಜಕ್ಕೂ ಸಿಗುವ ಪಾಲು) 0.75 ಹಿಡಿದರೆ ಗ್ಯಾಸಿನ ವೇಗ ಸೆಕೆಂಡಿಗೆ 94 ಮೀಟರ್, ಜೆ 2.8. ತೂತಿನಿಂದ 10 ಮಿ.ಮೀ. ಕೆಳಗೆ ಜೆಟ್ 5.7 ಮಿ.ಮೀ. ಒಳಗೆ ಹೋಗಿರುತ್ತದೆ. ಜಾಸ್ತಿಯಾಯಿತು.

ಎರಡನೇ ಪ್ರಯತ್ನ: ಪ್ರತಿ ಮುಖಕ್ಕೆ 5, ಒಟ್ಟು 80 ತೂತು, ವ್ಯಾಸ 0.8 ಮಿ.ಮೀ. ಒಟ್ಟು ವಿಸ್ತೀರ್ಣ ಹೆಚ್ಚು ಕಮ್ಮಿ ಅಷ್ಟೇ. ವೇಗ 88 ಮೀಟರ್, ಜೆ 2.5, ಜೆಟ್ 4.6 ಮಿ.ಮೀ. ಇದು ಸರಿ. ಇನ್ನೂ ಸಣ್ಣ ಮಾಡಿ ನೂರಾರು ತೂತು ಮಾಡಬಹುದಲ್ಲ ಅಂತ ಕೇಳುತ್ತಾರೆ. ಮಾಡಬಹುದು, ಮಿಕ್ಸಿಂಗ್ ಇನ್ನೂ ಚೆನ್ನಾಗಾಗುತ್ತದೆ. ಆದರೆ ಅರ್ಧ ಮಿ.ಮೀ. ತೂತಿನಲ್ಲಿ ಪೈಪಿನ ತುಕ್ಕಿನ ಪುಡಿ ಸಿಕ್ಕಿಕೊಳ್ಳುತ್ತದೆ, ಕೊರೆಯುವಾಗಿನ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. 0.8 ನನಗೆ ಒಗ್ಗಿದ ಅಳತೆ.

ತೂತುಗಳನ್ನು ಎಲ್ಲಿ ಇಡುವುದು? ಸುಮ್ನೆ ಸಮಾನ ದೂರದಲ್ಲಿ ಇಡುವುದು ಎಲ್ಲರೂ ಮಾಡುವ ಕೆಲಸ. ಬಳೆಯ ಹೊರಭಾಗದಲ್ಲಿ ಗಾಳಿ ಜಾಸ್ತಿ ಹರಿಯುತ್ತದೆ, ಒಳಭಾಗದಲ್ಲಿ ಕಮ್ಮಿ. ಹಾಗಾಗಿ ದಾರಿಯನ್ನು ಸಮಾನ ವಿಸ್ತೀರ್ಣದ 5 ಬಳೆಗಳಾಗಿ ಒಡೆಯಿರಿ. ತ್ರಿಜ್ಯದ ವರ್ಗ 225ರಿಂದ 900ರವರೆಗೆ ಹೋಗುತ್ತದೆ. ಆ 675ನ್ನು ಐದು ಪಾಲು ಮಾಡಿ, ಪ್ರತಿ ಪಾಲಿನ ಮಧ್ಯದ ವರ್ಗಮೂಲ ತೆಗೆಯಿರಿ. 17.1, 20.7, 23.7, 26.4, 28.9 ಮಿ.ಮೀ. ಬರುತ್ತದೆ. ಹೊರಗೆ ಹೋದಂತೆ ತೂತುಗಳು ಹತ್ತಿರ ಹತ್ತಿರ ಆಗುತ್ತವೆ, ನೋಡಿ. ಕೊನೆಯದು ಹೊರಗೋಡೆಗೆ ಬರೀ 1.1 ಮಿ.ಮೀ. ದೂರ. ಗೋಡೆ ಪಕ್ಕ ಗಾಳಿ ನಿಧಾನ, ಅಲ್ಲಿ ಗ್ಯಾಸ್ ಸೇರಿದರೆ ಜ್ವಾಲೆ ಗೋಡೆ ಹಿಡಿದುಕೊಂಡು ಹಿಂದಕ್ಕೆ ಬರುತ್ತದೆ. ಫ್ಲ್ಯಾಶ್‌ಬ್ಯಾಕ್‌ಗೆ ಇದು ಬಲು ಇಷ್ಟದ ದಾರಿ. ಅದಕ್ಕೆ ಆ ತೂತನ್ನು ನಾನು 28.3ಕ್ಕೆ ಒಳಗೆ ಎಳೆಯುತ್ತೇನೆ. ಗೋಡೆ ಪಕ್ಕ ಸ್ವಲ್ಪ ಗ್ಯಾಸ್ ಕಮ್ಮಿ ಇರಲಿ.

ಇನ್ನೊಂದು ತೊಡಕು ಇದೆ. ವೇನ್‌ಗಳ ಸಂದಿ ಎಲ್ಲ ಕಡೆ 14.5 ಅಲ್ಲ. ಹಬ್ಬಿನ ಹತ್ತಿರ 9 ಮಿ.ಮೀ., ಹೊರಗೆ 20 ಮಿ.ಮೀ. ಒಂದೇ ಜೆಟ್ ಒಳಗಡೆ ಹೆಚ್ಚು ಕಮ್ಮಿ ನಡುವಿಗೇ ಹೋಗುತ್ತದೆ, ಹೊರಗಡೆ ಸಾಲದಾಗುತ್ತದೆ. ಒಳಗೆ 0.7, ಹೊರಗೆ 0.9 ಮಿ.ಮೀ. ತೂತು ಮಾಡಿದರೆ ಇದು ಸರಿಯಾಗುತ್ತದೆ. ಆದರೆ ಆಗ ಗ್ಯಾಸಿನ ಪಾಲು 0.49ಕ್ಕೆ 0.81ರಂತೆ ಬದಲಾಗುವುದರಿಂದ ಬಳೆಗಳನ್ನೂ ಅದೇ ಲೆಕ್ಕದಲ್ಲಿ ಮತ್ತೆ ಹಂಚಬೇಕು. ಮೊದಲ ಬರ್ನರಿಗೆ ಎಲ್ಲವನ್ನೂ 0.8 ಇಟ್ಟು ಅಳೆಯಿರಿ, ಅಳತೆ ಕೇಳಿದರೆ ಬದಲಾಯಿಸಿ.

ಗ್ಯಾಸ್ ತೂತಿನ ಪ್ರೆಷರ್ ಡ್ರಾಪ್ ಕೂಡ ನೋಡಿ. ನಮ್ಮದು 2.1 ಕಿಲೋಪಾಸ್ಕಲ್, ಅಂದರೆ ಗಾಳಿಯ ಒತ್ತಡದ ಶೇ. 2.3. ಇದು ತೀರಾ ಕಮ್ಮಿಯಾದರೆ, ಕಂಬಸ್ಟರ್ ಒಳಗೆ ಒತ್ತಡ ಸ್ವಲ್ಪ ಅಲ್ಲಾಡಿದರೂ ಗ್ಯಾಸಿನ ಹರಿವು ಅಲ್ಲಾಡುತ್ತದೆ. ಆ ದಪ್ಪ-ತೆಳು ಮಿಶ್ರಣ ಜ್ವಾಲೆಗೆ ತಲುಪಲು 100 ಮಿ.ಮೀ.ಗೆ 2 ಮಿಲಿಸೆಕೆಂಡ್ ಬೇಕು. ತಲುಪಿದ ಹೊತ್ತಿಗೆ ಸರಿಯಾಗಿ ಒತ್ತಡವೂ ಮೇಲಿದ್ದರೆ ಒಂದನ್ನೊಂದು ಬೆಳೆಸಿ ಇಡೀ ರಿಗ್ ಕಿರುಚುತ್ತದೆ. 1878ರಲ್ಲೇ ಲಾರ್ಡ್ ರೇಲಿ ಹೇಳಿದ ನಿಯಮ ಇದು. ದೊಡ್ಡ ಮಿಷಿನ್‌ಗಳಲ್ಲಿ ಈ ಕಿರುಚಾಟ ಲೋಹವನ್ನೇ ಸೀಳುತ್ತದೆ. ವೇನ್‌ಗೆ ಹೋಗುವ ಗ್ಯಾಸ್ ಪೈಪಿನಲ್ಲಿ ಒಂದು ಆರಿಫೈಸ್ (ಸಣ್ಣ ತೂತಿನ ತಟ್ಟೆ) ಹಾಕಿ ಹರಿವನ್ನು ಬಿಗಿ ಮಾಡುವವರಿದ್ದಾರೆ. ಆರಿಫೈಸ್‌ಗೂ ತೂತಿಗೂ ನಡುವೆ ದೊಡ್ಡ ಟೊಳ್ಳು ಇದ್ದರೆ ಅದರಿಂದ ಪ್ರಯೋಜನ ಇಲ್ಲ, ಆ ಟೊಳ್ಳೇ ಗ್ಯಾಸನ್ನು ಕೂಡಿಟ್ಟು ಬಿಡುತ್ತದೆ. ನನಗೆ ಹಿಡಿಸಿದ ಉಪಾಯ ಅಂದರೆ ತೂತುಗಳನ್ನು ಒಂದೇ ಗೆರೆಯಲ್ಲಿ ಇಡದೆ ಕೆಲವನ್ನು ಐದಾರು ಮಿ.ಮೀ. ಹಿಂದೆ ಮುಂದೆ ಇಡುವುದು. ಎಲ್ಲ ಗ್ಯಾಸೂ ಒಂದೇ ಕ್ಷಣಕ್ಕೆ ಜ್ವಾಲೆ ಮುಟ್ಟುವುದಿಲ್ಲ, ಎದುರು ಬದುರಿನ ಜೆಟ್‌ಗಳೂ ಡಿಕ್ಕಿಯಾಗುವುದಿಲ್ಲ.

ಕೊರೆಸುವುದು

ಪೀಣ್ಯದಲ್ಲಿ ಇಡಿಎಂ (ವಿದ್ಯುತ್ ಕಿಡಿಯಿಂದ ಕೊರೆಯುವ) ಡ್ರಿಲ್ಲಿಂಗ್ ಮಾಡಿಕೊಡುವ ಸಣ್ಣ ವರ್ಕ್‌ಶಾಪ್‌ಗಳಿವೆ. ಡ್ರಾಯಿಂಗಿನಲ್ಲಿ ವ್ಯಾಸ ಬರೆದರೆ ಸಾಲದು. ತೂತಿನ ಅಂಚು ಚೂಪಾಗಿರಬೇಕೋ ಉರುಟಾಗಿರಬೇಕೋ ಅದನ್ನೂ ಬರೆಯಿರಿ. ಅಂಚು ಬದಲಾದರೆ ಆ 0.75 ಗುಣಾಂಕ ಬದಲಾಗುತ್ತದೆ, ಅದರ ಜೊತೆ ಹರಿವೂ.

ವೇನ್ ಕೈಗೆ ಬಂದ ಕೂಡಲೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕೂರಬೇಕು. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಈ ಕೆಲಸದಲ್ಲಿ ಎತ್ತಿದ ಕೈ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, "ಮೇಡಂ, ಮೂರನೇದರ ಬಾಯಲ್ಲಿ ಚೂರು ಎದ್ದಿದೆ ನೋಡಿ" ಅನ್ನುತ್ತಾರೆ. ನೇರ ಬೆಳಕಲ್ಲಿ ಏನೂ ಕಾಣದ ತೂತು ಓರೆ ಬೆಳಕಿಗೆ ಒಂದು ಕಡೆ ಮಿಂಚುತ್ತದೆ. ಕರಗಿ ಗಟ್ಟಿಯಾದ ಲೋಹದ ತುಟಿ ಅದು, ಕೂದಲೆಳೆಯಷ್ಟು. ಅದು ಜೆಟ್ಟನ್ನು ಒಂದು ಕಡೆಗೆ ಓಲಿಸುತ್ತದೆ. ತ್ರೀಡಿ ಪ್ರಿಂಟ್ ಮಾಡಿದ ವೇನ್ ಆದರೆ ಟೊಳ್ಳಿನಲ್ಲಿ ಲೋಹದ ಪುಡಿ ಉಳಿದಿರುತ್ತದೆ. ತಟ್ಟಿ, ಊದಿ, ಮತ್ತೆ ತಟ್ಟಿ ತೆಗೆಯಿರಿ.

ಆಮೇಲೆ ಪ್ರತಿ ವೇನನ್ನೂ ಬೇರೆ ಬೇರೆಯಾಗಿ ಒಂದೇ ಒತ್ತಡದಲ್ಲಿ ನೈಟ್ರೋಜನ್ ಹರಿಸಿ ಅಳೆಯಿರಿ. ಎಂಟರ ಸರಾಸರಿಗಿಂತ ಶೇ. 2 ಆಚೀಚೆ ಇದ್ದದ್ದನ್ನು ನಾನು ವಾಪಸ್ ಕಳಿಸುತ್ತೇನೆ. ಹಾಕಿಯೇ ಬಿಡೋಣ ಅನಿಸುತ್ತದೆ, ಗಡುವು ಹತ್ತಿರ ಇದ್ದಾಗ ಇನ್ನೂ. ಹಾಕಬೇಡಿ. ಜೋಡಿಸಿ ಬೆಸುಗೆ ಹಾಕಿದ ಮೇಲೆ ಯಾವ ವೇನ್ ತಪ್ಪು ಅಂತ ಹುಡುಕುವುದು ಇದರ ಹತ್ತರಷ್ಟು ಕೆಲಸ.

ಬೆಂಕಿ ಇಲ್ಲದೆ ಅಳೆಯಿರಿ

ಮಿಕ್ಸಿಂಗ್ ನೋಡಲು ಬೆಂಕಿ ಬೇಕಿಲ್ಲ. ಗ್ಯಾಸಿನ ಬದಲು ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಬರ್ನರ್ ಬಾಯಲ್ಲಿ ಸಣ್ಣ ನಳಿಕೆಯಿಂದ ಹೀರಿ, ಇನ್‌ಫ್ರಾರೆಡ್ ಅನಲೈಜರ್‌ಗೆ ಕೊಟ್ಟರೆ ಆಯಿತು. ಆದರೆ ಎಷ್ಟು ಬಿಡಬೇಕು? ಮೀಥೇನಿನಷ್ಟೇ ತೂಕ ಅಂತಲೋ, ಅದೇ ವೇಗ ಅಂತಲೋ ಹೊರಟರೆ ಜೆಟ್ ಬೇರೆ ಕಡೆ ಹೋಗುತ್ತದೆ. ಜೆ ಒಂದೇ ಇರಬೇಕು. ತಣ್ಣನೆ ಗಾಳಿ 300 ಕೆಲ್ವಿನ್‌ನಲ್ಲಿ ದಟ್ಟ, ಅದೇ ವೇಗಕ್ಕೆ ಸೆಕೆಂಡಿಗೆ 112 ಗ್ರಾಂ ಬೇಕು. ಜೆ 2.5 ಇರಲು ಕಾರ್ಬನ್ ಡೈಆಕ್ಸೈಡ್ 77 ಮೀಟರ್ ವೇಗದಲ್ಲಿ, ಸೆಕೆಂಡಿಗೆ 3.7 ಗ್ರಾಂ. ಪೂರ್ತಿ ಬೆರೆತರೆ ಅನಲೈಜರ್ ಎಲ್ಲ ಕಡೆ ಶೇ. 2.1 ತೋರಿಸಬೇಕು. ಸರಾಸರಿಯೇ ಅಷ್ಟು ಬರದಿದ್ದರೆ ಮಿಕ್ಸಿಂಗ್ ಬಗ್ಗೆ ಯೋಚಿಸುವ ಮುಂಚೆ ಲೀಕ್ ಹುಡುಕಿ.

3.7 ಗ್ರಾಂ ಅಂದರೆ ಗಂಟೆಗೆ 13 ಕಿಲೋ. ಒಂದೇ ಸಿಲಿಂಡರಿನಿಂದ ಇಷ್ಟು ತೆಗೆದರೆ ರೆಗ್ಯುಲೇಟರ್ ಮೇಲೆ ಐಸ್ ಕಟ್ಟಿ ಹರಿವು ಇಳಿಯುತ್ತಾ ಹೋಗುತ್ತದೆ. ಹೀಟರ್ ಹಾಕಿ, ಎರಡು ಮೂರು ಸಿಲಿಂಡರ್ ಒಟ್ಟಿಗೆ ಜೋಡಿಸಿ. ಹೊರಬರುವ ಗಾಳಿಯನ್ನು ಕಟ್ಟಡದ ಆಚೆಗೆ ಬಿಡಿ. ಕಾರ್ಬನ್ ಡೈಆಕ್ಸೈಡ್ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ, ಕೆಲಸದ ಜಾಗದಲ್ಲಿ ದಿನವಿಡೀ ಇರಬಹುದಾದ ಮಿತಿ 5000 ಪಿಪಿಎಂ. ಕೋಣೆಯಲ್ಲಿ ಮೀಟರ್ ಇಡಿ.

ನಳಿಕೆಯನ್ನು ಆ ಐದು ಸಮಾನ ವಿಸ್ತೀರ್ಣದ ತ್ರಿಜ್ಯಗಳಲ್ಲೇ ಇಡಿ. ಆಗ ಬರೀ ಸರಾಸರಿ ತೆಗೆದರೆ ಸಾಕು, ತೂಕ ಕೊಡುವ ಗೋಜಿಲ್ಲ. ಒಂದು ವೇನಿನಿಂದ ಮುಂದಿನದಕ್ಕೆ 45 ಡಿಗ್ರಿ. 5 ಡಿಗ್ರಿಗೊಂದರಂತೆ 9 ಜಾಗ, ಒಟ್ಟು 45 ಬಿಂದುಗಳು. ಇದು ಮುಗಿದ ಮೇಲೆ ಉಳಿದ ಏಳು ಸಂದಿಗಳಲ್ಲೂ ಒಂದೊಂದು ಬಿಂದು ನೋಡಿ. ಇದನ್ನು ಬಿಡಬೇಡಿ. ಪ್ರತಿ 45 ಡಿಗ್ರಿಗೂ ಒಂದೇ ತಪ್ಪು ಮರುಕಳಿಸಿದರೆ ಅದು ಡಿಸೈನಿನ ತಪ್ಪು, ಜೆಟ್ ಉದ್ದ ಬದಲಾಯಿಸಿ. ಒಂದೇ ಸಂದಿ ಬೇರೆಯಾಗಿದ್ದರೆ ಆ ವೇನಿನ ತೂತು. ಪೂರ್ತಿ ಸುತ್ತಿನಲ್ಲಿ ಒಂದು ಕಡೆ ದಪ್ಪ, ಎದುರು ಕಡೆ ತೆಳು ಇದ್ದರೆ ಗ್ಯಾಸನ್ನು ಬೈಯಬೇಡಿ, ಗಾಳಿಯೇ ಓರೆಯಾಗಿ ಬರುತ್ತಿದೆ. ಬರ್ನರಿನ ಹಿಂದಿನ ಪೈಪಿನ ತಿರುವು, ಒಳಬರುವ ಕೊಠಡಿಯ ಆಕಾರ ನೋಡಿ, ಜಾಲರಿ ಹಾಕಿ. ನಾನು ನೋಡಿದ ಮಿಕ್ಸಿಂಗ್ ತಕರಾರುಗಳಲ್ಲಿ ಗಾಳಿಯ ತಪ್ಪು ಗ್ಯಾಸಿನದಕ್ಕಿಂತ ಕಮ್ಮಿ ಏನಿಲ್ಲ. ದೊಡ್ಡ ಟರ್ಬೈನ್‌ಗಳಲ್ಲಿ ಕಂಪ್ರೆಸರ್‌ನಿಂದ ಬಂದ ಗಾಳಿ ಬರ್ನರ್ ಮುಟ್ಟುವ ಮುಂಚೆ ಪೂರ್ತಿ ಹಿಂದಕ್ಕೆ ತಿರುಗಬೇಕಾಗುವುದುಂಟು, ಅಲ್ಲಂತೂ ಇನ್ನೂ.

ಬಂದ ಅಳತೆಗಳ ಸ್ಟಾಂಡರ್ಡ್ ಡೀವಿಯೇಷನ್ ತೆಗೆದು ಸರಾಸರಿಯಿಂದ ಭಾಗಿಸಿ. ಶೇ. 5ರ ಒಳಗೆ ಬಾರದೆ ನಾನು ಗ್ಯಾಸ್ ಲೈನ್ ತೆರೆಯಲು ಬಿಡುವುದಿಲ್ಲ. ಶೇ. 5 ಅಂದರೆ ಫೈನಲ್ಲಿ 0.025, ಬಿಸಿಯಲ್ಲಿ ಸುಮಾರು 45 ಡಿಗ್ರಿ. ನಾಕ್ಸ್ ದುಪ್ಪಟ್ಟಾಗಲು 35-40 ಸಾಕು ಅಂತ ಆಗಲೇ ನೋಡಿದೆವಲ್ಲ, ಅದಕ್ಕಿಂತ ಸಡಿಲ ಮಾಡಲು ನನಗೆ ಮನಸ್ಸಿಲ್ಲ. ಒಂದು ಎಚ್ಚರ: ನಳಿಕೆ ತೋರಿಸುವುದು ಕಾಲದ ಸರಾಸರಿ. ಕ್ಷಣಕ್ಷಣಕ್ಕೂ ದಪ್ಪ-ತೆಳು ಆಗುತ್ತಿದ್ದರೆ ಅದು ಇಲ್ಲಿ ಕಾಣುವುದಿಲ್ಲ. ಅದಕ್ಕೆ ಲೇಸರ್ ಬೇಕು, ಗ್ಯಾಸಿನ ಜಾಗದಲ್ಲಿ ಅಸಿಟೋನ್ ಆವಿ ಬೆರೆಸಿ ಹೊಳೆಯಿಸಿ ಫೋಟೋ ತೆಗೆಯುತ್ತಾರೆ. ಸೌಲಭ್ಯ ಇದ್ದರೆ ಮಾಡಿ.

ಬೆಂಕಿ ಹಚ್ಚುವಾಗ

ನಮ್ಮ ಮಿಶ್ರಣದಲ್ಲಿ ಮೀಥೇನ್ ಗಾತ್ರದ ಲೆಕ್ಕದಲ್ಲಿ ಶೇ. 5. ತಣ್ಣನೆ ಗಾಳಿಯಲ್ಲಿ ಮೀಥೇನ್ ಹೊತ್ತಿಕೊಳ್ಳುವ ಕೆಳಮಿತಿಯೂ ಶೇ. 5. ಅಂದರೆ ಗಾಳಿ ಕಾಯಿಸದೆ ಹಚ್ಚಲು ಹೋದರೆ ಜ್ವಾಲೆ ನಿಲ್ಲುವುದಿಲ್ಲ, ಉರಿಯದ ಗ್ಯಾಸ್ ಎಕ್ಸಾಸ್ಟಿನಲ್ಲಿ ತುಂಬುತ್ತದೆ. ಮೊದಲು ರಿಗ್ಗಿನ ಒಟ್ಟು ಗಾತ್ರದ ಕನಿಷ್ಠ 5 ಪಟ್ಟು ಗಾಳಿ ಹರಿಸಿ ಪರ್ಜ್ ಮಾಡಿ. ಗಾಳಿ 400 ಡಿಗ್ರಿ ಸೆಲ್ಸಿಯಸ್ ಮುಟ್ಟಲಿ. ಪೈಲಟ್ (ಮುಖ್ಯ ಜ್ವಾಲೆ ಹೊತ್ತಿಸುವ ಚಿಕ್ಕ ಬೆಂಕಿ) ಹಚ್ಚಿ, ಆಮೇಲೆ ಮುಖ್ಯ ಗ್ಯಾಸ್ ನಿಧಾನವಾಗಿ ಏರಿಸಿ, ಕೊನೆಗೆ ಪೈಲಟ್ ಇಳಿಸಿ. ಪೈಲಟ್ ಬೆರೆಯದ ಬೆಂಕಿ, ಅದು ಇರುವಷ್ಟು ಹೊತ್ತು ನಾಕ್ಸ್ ಅಳತೆ ಬರ್ನರಿನದ್ದಲ್ಲ.

ಮಿಕ್ಸಿಂಗ್ ದಾರಿಯ ಹೊರಗೋಡೆ ಮತ್ತು ಹಬ್ಬಿನ ತುದಿಯಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ಇರಲೇಬೇಕು. ಒಳಬರುವ ಗಾಳಿಗಿಂತ 50 ಡಿಗ್ರಿ ಏರಿದರೆ ಗ್ಯಾಸ್ ತಾನಾಗಿ ಮುಚ್ಚುವಂತೆ ಟ್ರಿಪ್ ಕೊಡಿ. ಮನುಷ್ಯರು ನೋಡಿ ಮುಚ್ಚುವಷ್ಟು ಹೊತ್ತಿಗೆ ವೇನ್ ಕರಗಿರುತ್ತದೆ.

ಒಣಗಿಸಿದ ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಶೇ. 11ರ ಆಸುಪಾಸು ಬರಬೇಕು, ಫೈ 0.5ಕ್ಕೆ ಅದೇ ಲೆಕ್ಕ. ನಾಕ್ಸ್ ಓದನ್ನು ಶೇ. 15 ಆಕ್ಸಿಜನ್ನಿಗೆ ತಿದ್ದಲು 5.9ನ್ನು, 20.9ರಲ್ಲಿ ಅಳೆದ ಆಕ್ಸಿಜನ್ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ ಗುಣಿಸಿ. 10 ಪಿಪಿಎಂ ಓದಿದರೆ ಸುಮಾರು 6. ಚೆನ್ನಾಗಿ ಬೆರೆತ ಬರ್ನರ್ ಈ ಬಿಸಿಯಲ್ಲಿ ಒಂದಂಕಿ ಪಿಪಿಎಂ ಕೊಡುತ್ತದೆ. ಈಗ ಫೈ 0.5ರಿಂದ 0.45ಕ್ಕೆ ಇಳಿಸಿ. ನಾಕ್ಸ್ ತಟಕ್ಕನೆ ಇಳಿದರೆ ಮಿಕ್ಸಿಂಗ್ ಚೆನ್ನಾಗಿದೆ. ಗ್ಯಾಸ್ ಕಮ್ಮಿ ಮಾಡಿದರೂ ನಾಕ್ಸ್ ಸೋಮಾರಿಯಂತೆ ಅಲ್ಲೇ ಕೂತಿದ್ದರೆ ಎಲ್ಲೋ ಒಂದು ದಪ್ಪ ಪಟ್ಟಿ ಉಳಿದಿದೆ, ಅಳತೆ ನಕ್ಷೆಗೆ ವಾಪಸ್ ಹೋಗಿ. ಇನ್ನೂ ಇಳಿಸಿದರೆ 0.4ರ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಏರಲು ಶುರುವಾಗುತ್ತದೆ, ಜ್ವಾಲೆ ಅದುರುತ್ತದೆ. ಅಲ್ಲಿ ನಿಲ್ಲಿಸಿ.

ದೊಡ್ಡ ಮಿಷಿನ್, ಬೇರೆ ಗ್ಯಾಸ್

ಪವರ್ ಪ್ಲಾಂಟ್ ಟರ್ಬೈನಿನಲ್ಲಿ ಒತ್ತಡ 15-20 ಬಾರ್. ಗಾಳಿ, ಗ್ಯಾಸ್ ಎರಡರ ಸಾಂದ್ರತೆಯೂ ಒಟ್ಟಿಗೆ ಏರುವುದರಿಂದ ಜೆ ಬದಲಾಗುವುದಿಲ್ಲ. ನಮ್ಮ ರಿಗ್ಗಿನ ಮಿಕ್ಸಿಂಗ್ ನಕ್ಷೆ ಅಲ್ಲೂ ಬಹುಮಟ್ಟಿಗೆ ನಿಲ್ಲುತ್ತದೆ. ಬದಲಾಗುವುದು ರಸಾಯನಶಾಸ್ತ್ರ, ಮುಖ್ಯವಾಗಿ ತಾನಾಗಿ ಹೊತ್ತಿಕೊಳ್ಳುವ ಸಮಯ. ಮೀಥೇನಿಗೆ ಅದು ಧಾರಾಳವಾಗಿದೆ. ಡೀಸೆಲ್ ಆವಿಗೆ ಅದೇ ಒತ್ತಡದಲ್ಲಿ ಕೆಲವೇ ಮಿಲಿಸೆಕೆಂಡ್, ಅಲ್ಲಿ ಮಿಕ್ಸಿಂಗ್ ದಾರಿ ಉದ್ದ ಮಾಡುವಂತಿಲ್ಲ.

ಪೈಪ್‌ಲೈನಿನ ಗ್ಯಾಸ್ ಬರೀ ಮೀಥೇನ್ ಅಲ್ಲ ಅನ್ನುವುದೂ ನೆನಪಿರಲಿ. ದಾಭೋಲ್-ಬೆಂಗಳೂರು ಪೈಪ್‌ಲೈನಿನಲ್ಲಿ ಬರುವಂಥ, ಎಲ್‌ಎನ್‌ಜಿಯಿಂದ ಮಾಡಿದ ಗ್ಯಾಸಿನಲ್ಲಿ ಈಥೇನ್, ಪ್ರೊಪೇನ್ ಪಾಲು ಹಡಗಿನಿಂದ ಹಡಗಿಗೆ ಬದಲಾಗಬಹುದು. ಗ್ಯಾಸಿನ ಶಾಖ ಮತ್ತು ಸಾಂದ್ರತೆಯಿಂದ ತೆಗೆಯುವ ವೋಬ್ ಸೂಚ್ಯಂಕ ಬದಲಾದರೆ ಅದೇ ತೂತಿನಿಂದ ಬರುವ ಶಾಖವೂ ಬದಲಾಗುತ್ತದೆ. ಟೆಸ್ಟ್ ದಿನದ ಗ್ಯಾಸ್ ವಿಶ್ಲೇಷಣೆಯ ಚೀಟಿಯನ್ನು ಡೇಟಾ ಜೊತೆ ಇಟ್ಟುಕೊಳ್ಳಿ.

ಹೈಡ್ರೋಜನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಇದೇ ಬರ್ನರಿಗೆ ಅದೇ 73 ಕಿಲೋವ್ಯಾಟ್ ಹೈಡ್ರೋಜನ್ ಹಾಕಿದರೆ ಸೆಕೆಂಡಿಗೆ 0.6 ಗ್ರಾಂ ಬೇಕು, ತೂತಿನಲ್ಲಿ ವೇಗ 290 ಮೀಟರ್. ಹಗುರವಾದ್ದರಿಂದ ಜೆ ಬರೀ 3.4. ಅಂದರೆ ಜೆಟ್ ಹೆಚ್ಚು ಕಮ್ಮಿ ಅದೇ ಜಾಗಕ್ಕೆ ಹೋಗುತ್ತದೆ, ಮಿಕ್ಸಿಂಗ್ ಕೆಡುವುದಿಲ್ಲ. ಕೆಡುವುದು ಬೇರೆ. ಮೀಥೇನ್ ಜ್ವಾಲೆ ನಿಂತ ಮಿಶ್ರಣದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 0.4 ಮೀಟರ್ ಓಡುತ್ತದೆ, ಹೈಡ್ರೋಜನ್ ಸುಮಾರು 3 ಮೀಟರ್‌ವರೆಗೆ. ಪ್ರತಿ ಜೆಟ್ಟಿನ ಬೆನ್ನ ಹಿಂದೆ ಇರುವ ನಿಧಾನ ಗಾಳಿಯಲ್ಲೇ ಬೆಂಕಿ ಕೂತುಬಿಡುತ್ತದೆ. ಅದಕ್ಕೇ ಹೈಡ್ರೋಜನ್ ಮಾಡುವವರು ದೊಡ್ಡ ಸ್ವರ್ಲರ್ (ಗಾಳಿ ಸುತ್ತಿಸುವ ವೇನ್‌ಗಳ ಗುಂಪು) ಬಿಟ್ಟು ನೂರಾರು ಪುಟ್ಟ ಜೆಟ್‌ಗಳ ಕಡೆ ಹೋಗಿದ್ದಾರೆ. 2020ರಲ್ಲಿ ಜಪಾನಿನ ಕೋಬೆಯ ಪೋರ್ಟ್ ಐಲ್ಯಾಂಡ್‌ನಲ್ಲಿ ಕವಾಸಾಕಿಯವರು ನೀರು ಹಾಕದೆ ಶುದ್ಧ ಹೈಡ್ರೋಜನ್ ಉರಿಸಿ ಟರ್ಬೈನ್ ನಡೆಸಿದ್ದು ಹೀಗೇ, ಮೈಕ್ರೋಮಿಕ್ಸ್ ಎಂಬ ಸಣ್ಣ ಸಣ್ಣ ಜ್ವಾಲೆಗಳ ಬರ್ನರ್‌ನಿಂದ.

ನಿಮ್ಮ ಮೀಥೇನ್ ಬರ್ನರಿನಲ್ಲೇ ಹೈಡ್ರೋಜನ್ ಬೆರೆಸಿ ನೋಡುವ ಆಸೆಯಿದ್ದರೆ ಗಾತ್ರದಲ್ಲಿ ಶೇ. 5ರಂತೆ ಏರಿಸಿ, ಶಾಖ ಅಷ್ಟೇ ಇರುವಂತೆ ಮೀಥೇನ್ ಇಳಿಸಿ. ಪ್ರತಿ ಹೆಜ್ಜೆಗೂ ಹಬ್ಬಿನ ಥರ್ಮೋಕಪಲ್ ಸ್ಥಿರವಾಗುವವರೆಗೆ ಕಾಯಿರಿ, ಗ್ಯಾಸ್ ತೂತಿನ ಕೆಳಗೆ ವೇನಿನ ಮೇಲೂ ಒಂದು ಥರ್ಮೋಕಪಲ್ ಬೆಸೆದಿರಲಿ. ಅದು ಐದಾರು ಡಿಗ್ರಿ ಏರಿ ಇಳಿಯದೆ ನಿಂತರೆ ಮುಂದಿನ ಹೆಜ್ಜೆ ಬೇಡ. ಹೈಡ್ರೋಜನ್ ಮುಚ್ಚಿ, ಬರ್ನರ್ ತಣ್ಣಗಾದ ಮೇಲೆ ಬಿಚ್ಚಿ, ತೂತುಗಳ ಸುತ್ತ ಬಣ್ಣ ಕಟ್ಟಿದೆಯಾ ನೋಡಿ.